ಸ್ಯಾಂಕಿ ಕೆರೆ: ಅಸಲು ಇರುವುದು ಏರಿಯಲ್ಲಿ

ರಾಜಾಜಿನಗರದ ಕೈಗಾರಿಕಾ ವಸಾಹತಿನಿಂದ ಕೆಲವೇ ಕಿಲೋಮೀಟರುಗಳ ದೂರದಲ್ಲಿ, ಮಲ್ಲೇಶ್ವರ ಹಾಗೂ ಸದಾಶಿವನಗರಗಳ ನಡುವೆ ಇರುವ ಸ್ಯಾಂಕಿ ಕೆರೆಯು ಮುಂಜಾನೆಯ ನಡಿಗೆಗೂ ಸಂಜೆಯ ವಿಹಾರಕ್ಕೂ ಹೆಸರಾದ ತಾಣ. ಸುಮಾರು 37 ಎಕರೆ ವಿಸ್ತಾರದ ಈ ಕೆರೆಯ ನೀರನ್ನು ತಡೆದು ನಿಲ್ಲಿಸಿರುವುದು ಒಂದು ಮಣ್ಣಿನ ಏರಿ. ಏರಿಯ ರಸ್ತೆಯಲ್ಲಿ ನಿತ್ಯ ಸಂಚರಿಸುವ ಅನೇಕರಿಗೆ ತಾವು ಕಿರು ಅಣೆಕಟ್ಟೊಂದರ ಮೇಲೆ ಸಾಗುತ್ತಿದ್ದೇವೆಂಬ ಅರಿವೇ ಇರುವುದಿಲ್ಲ.

ಕ್ಷಾಮ ಕಲಿಸಿದ ಪಾಠ

1876-78ರ ಮಹಾಕ್ಷಾಮವು ಮೈಸೂರು ಸಂಸ್ಥಾನವನ್ನು ತತ್ತರಿಸುವಂತೆ ಮಾಡಿತು. ಅಂತಹ ಜಲಾಭಾವ ಮರುಕಳಿಸಬಾರದೆಂಬ ಉದ್ದೇಶದಿಂದ 1882ರಲ್ಲಿ ಈ ಕೆರೆಯನ್ನು ನಿರ್ಮಿಸಲಾಯಿತು. ಅಠಾರಾ ಕಚೇರಿ ಹಾಗೂ ಕಬ್ಬನ್ ಉದ್ಯಾನಗಳ ನಿರ್ಮಾಣದಲ್ಲಿ ಪ್ರಮುಖ ಪಾತ್ರ ವಹಿಸಿದ್ದ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಅವರ ಹೆಸರೇ ಕೆರೆಗೆ ಉಳಿದುಕೊಂಡಿತು. ಸಮೀಪದಲ್ಲಿ ಸರ್ಕಾರಿ ಶ್ರೀಗಂಧದ ಕೋಠಿ ಇದ್ದುದರಿಂದ ಜನ ಇದನ್ನು ಗಂಧದ ಕೋಠಿ ಕೆರೆಯೆಂದೂ ಕರೆದರು. ಒಂದು ಕಾಲಕ್ಕೆ ಇದರೊಡನೆ ಸಂಪರ್ಕ ಹೊಂದಿದ್ದ ಧರ್ಮಾಂಬುಧಿ ಕೆರೆ ಬತ್ತಿಹೋಗಿ, ಅದರ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ.

ನಿರ್ವಹಣೆಯ ಲೆಕ್ಕ

ಮಣ್ಣಿನ ಏರಿಗೆ ಅತಿ ದೊಡ್ಡ ಶತ್ರು ಏರಿಯ ಮೇಲೆಯೇ ಹರಿಯುವ ನೀರು. ಹೆಚ್ಚುವರಿ ನೀರು ಹೊರಹೋಗಲು ಕೋಡಿ ಇರುತ್ತದೆ. ಕಸ ಅಥವಾ ಒತ್ತುವರಿಯಿಂದ ಕೋಡಿಯ ದಾರಿ ಕಟ್ಟಿಕೊಂಡರೆ ನೀರು ಏರಿಯನ್ನು ದಾಟಿ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಹೆಮ್ಮರಗಳ ಬೇರು, ಹೆಗ್ಗಣಗಳ ಬಿಲಗಳಿಂದಲೂ ಏರಿಯೊಳಗೆ ನೀರು ಜಿನುಗಲು ದಾರಿಯಾಗುತ್ತದೆ. ಏರಿಯನ್ನು ಮನುಷ್ಯರೇ ಕೆದಕಿದರಂತೂ ಹೇಳಬೇಕಾದುದೇ ಇಲ್ಲ. 2019ರ ನವೆಂಬರ್ ತಿಂಗಳಲ್ಲಿ ಹೊಸಕೆರೆಹಳ್ಳಿ ಹಾಗೂ ಹುಳಿಮಾವು ಕೆರೆಗಳ ಏರಿಗಳು ಒಡೆದವು. ಹುಳಿಮಾವಿನಲ್ಲಿ ನೂರಾರು ಮನೆಗಳಿಗೆ ನೀರು ನುಗ್ಗಿತು. ಹುಲ್ಲು ಹೊದಿಸುವುದು, ಬಿಲ ಮುಚ್ಚುವುದು, ಮಳೆಗಾಲಕ್ಕೆ ಮುನ್ನ ಕೋಡಿ ತೆರವುಗೊಳಿಸುವುದು ಇವೆಲ್ಲ ಅಲ್ಪ ವೆಚ್ಚದ ಕೆಲಸಗಳು. ಒಡೆದ ಮೇಲೆ ತೆರಬೇಕಾದ ಬೆಲೆಗೆ ಲೆಕ್ಕವಿಲ್ಲ.

ಉದ್ಯಮಿಗಳ ಹೊಣೆ

2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ ಸಣ್ಣ ಕಾರ್ಖಾನೆಗಳೂ ಟ್ಯಾಂಕರ್ ನೀರಿಗೆ ಕಾಯಬೇಕಾಯಿತು. ಕೆರೆಯಲ್ಲಿ ನಿಂತ ನೀರು ಇಂಗಿದರೆ ಮಾತ್ರ ಸುತ್ತಲಿನ ಅಂತರ್ಜಲಕ್ಕೆ ಆಸರೆ. ಆದ್ದರಿಂದ ಕಟ್ಟಡದ ಅವಶೇಷ ಹಾಗೂ ಪ್ಯಾಕಿಂಗ್ ತ್ಯಾಜ್ಯವನ್ನು ರಾಜಕಾಲುವೆಗೆ ಸುರಿಯದಿರುವುದು, ಕಲುಷಿತ ನೀರನ್ನು ಸಂಸ್ಕರಿಸಿಯೇ ಹೊರಬಿಡುವುದು ಉದ್ಯಮದ ಹಿತಕ್ಕೂ ಅಗತ್ಯ.

ವಿಹಾರವೆಂಬುದು ಕೆರೆ ಕೊಡುವ ಬಡ್ಡಿ, ಏರಿಯೇ ಅಸಲು. ಅಸಲನ್ನು ಕಾಯದೆ ಬಡ್ಡಿ ಉಣ್ಣಲಾಗದೆಂಬುದು ವರ್ತಕರಿಗೆ ಹೊಸ ಮಾತೇನಲ್ಲ.