ನಿರುದ್ಯೋಗ ಭತ್ಯೆ: ಹಣ ಎಲ್ಲಿ ನಿಲ್ಲುತ್ತದೆ, ಯಾರನ್ನು ಕೇಳಬೇಕು?

ಸಂತ ಮತ್ತಾಯನ ಶುಭಸಂದೇಶದಲ್ಲಿ ಬರುವ ದ್ರಾಕ್ಷಿತೋಟದ ಸಾಮತಿ ನಮಗೆಲ್ಲ ಗೊತ್ತಿರುವಂಥದ್ದು. ಸಂಜೆ ಐದು ಗಂಟೆಗೂ ಪೇಟೆಬೀದಿಯಲ್ಲಿ ನಿಂತಿದ್ದವರನ್ನು ತೋಟದ ಯಜಮಾನ ಕಾರಣ ಕೇಳುತ್ತಾನೆ. ನಮ್ಮನ್ನು ಕೆಲಸಕ್ಕೆ ಕರೆದವರೇ ಇಲ್ಲ ಎಂದು ಅವರು ಉತ್ತರಿಸುತ್ತಾರೆ. ಅವರು ಸೋಮಾರಿಗಳೆಂದು ಪ್ರಭು ಯೇಸು ಎಲ್ಲಿಯೂ ಹೇಳಲಿಲ್ಲ. ದಿನದ ಕೊನೆಯಲ್ಲಿ ಅವರ ಮನೆಯ ಒಲೆಯೂ ಉರಿಯಬೇಕು ಎಂಬುದು ಯಜಮಾನನಿಗೆ ತಿಳಿದಿತ್ತು.

ಕೆಲಸವಿಲ್ಲದವರಿಗೆ ಭತ್ಯೆ ಕೊಡುವುದು ಸಮಾಜದ ಕರ್ತವ್ಯ, ಅದು ಮನುಷ್ಯನ ಬದುಕುವ ಹಕ್ಕಿನಿಂದಲೇ ಹುಟ್ಟಿದ್ದು ಎಂದು ಸಂತ ಎರಡನೆಯ ಜಾನ್ ಪೌಲರು 1981ರ 'ಲಬೋರೆಮ್ ಎಕ್ಸೆರ್ಚೆನ್ಸ್' ವಿಶ್ವಪತ್ರದಲ್ಲಿ ಬೋಧಿಸಿದ್ದಾರೆ. ಆದರೆ ಹಕ್ಕು ಇದ್ದ ಮಾತ್ರಕ್ಕೆ ಹಣ ಖಾತೆಗೆ ಬರುವುದಿಲ್ಲ. ಅರ್ಜಿ ಹಾಕಿಯೂ ತಿಂಗಳುಗಟ್ಟಲೆ ಕಾಯುವ ಮನೆಗಳಿಗಾಗಿ ಈ ಲೇಖನ.

ಉದಾಹರಣೆಗೆ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನು ತೆಗೆದುಕೊಂಡಿದ್ದೇವೆ. ಕರಾವಳಿಯ ಅನೇಕ ಧರ್ಮಕೇಂದ್ರಗಳ ಯುವಕ ಯುವತಿಯರು ಬಿಡದಿ ಮತ್ತು ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುತ್ತಿದ್ದಾರೆ. ಪದವೀಧರರು, ಕಾರ್ಖಾನೆ ಕಾರ್ಮಿಕರು, ಹಳ್ಳಿಯ ಕೂಲಿಕಾರರು, ರೇಷ್ಮೆ ಮತ್ತು ಆಟಿಕೆಯ ಕುಶಲಕರ್ಮಿಗಳು ಎಲ್ಲರೂ ಅಲ್ಲಿ ಅಕ್ಕಪಕ್ಕದಲ್ಲೇ ಇದ್ದಾರೆ. ಯಾರಿಗೆ ಯಾವ ಬಾಗಿಲು ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನಿಯಮಗಳು ನಮ್ಮ ಕರಾವಳಿಗೂ ಅವೇ.

ಮೊದಲನೆಯ ಬಾಗಿಲು: ಯುವನಿಧಿ

ಇದು ರಾಜ್ಯ ಸರ್ಕಾರದ ಐದು ಗ್ಯಾರಂಟಿಗಳಲ್ಲಿ ಒಂದು. 2023ರ ಡಿಸೆಂಬರ್ 26ರಂದು ನೋಂದಣಿ ಆರಂಭವಾಗಿ, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮೊದಲ ಹಣ ಬಿಡುಗಡೆಯಾಯಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ. ಗರಿಷ್ಠ ಅವಧಿ ಎರಡು ವರ್ಷ. ಪೂರ್ತಿ ಅವಧಿಗೆ ಲೆಕ್ಕ ಹಾಕಿದರೆ ಪದವೀಧರರಿಗೆ 72,000 ಮತ್ತು ಡಿಪ್ಲೊಮಾದವರಿಗೆ 36,000 ರೂಪಾಯಿ ಆಗುತ್ತದೆ. ಮೊದಲು 2022-23ರಲ್ಲಿ ತೇರ್ಗಡೆಯಾದವರಿಗೆ ಇದ್ದ ಯೋಜನೆಯನ್ನು ಆಮೇಲೆ ಮುಂದಿನ ಸಾಲಿನವರಿಗೂ ವಿಸ್ತರಿಸಲಾಯಿತು.

ಕರ್ನಾಟಕದಲ್ಲಿ ಕನಿಷ್ಠ ಆರು ವರ್ಷ ಓದಿರಬೇಕು. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು. ಉನ್ನತ ವ್ಯಾಸಂಗಕ್ಕೆ ಸೇರಿದವರು, ಸ್ಟೈಪೆಂಡ್ ಪಡೆಯುವ ಅಪ್ರೆಂಟಿಸ್‌ಗಳು, ಸರ್ಕಾರಿ ಯೋಜನೆಯ ಸಾಲ ಪಡೆದು ಸ್ವಯಂ ಉದ್ಯೋಗ ಮಾಡುವವರು ಇದಕ್ಕೆ ಅರ್ಹರಲ್ಲ. ಅರ್ಜಿಯನ್ನು ಸೇವಾ ಸಿಂಧು ಮೂಲಕ ಹಾಕಬೇಕು. ಗ್ರಾಮ ಒನ್ ಮತ್ತು ಕರ್ನಾಟಕ ಒನ್ ಕೇಂದ್ರಗಳಲ್ಲಿಯೂ ಸಹಾಯ ಸಿಗುತ್ತದೆ. ಹಣ ಕೊಟ್ಟರೆ ಬೇಗ ಮಂಜೂರು ಮಾಡಿಸುತ್ತೇನೆ ಎನ್ನುವ ಮಧ್ಯವರ್ತಿಯ ಮಾತು ನಂಬಬೇಡಿ.

ಈಗ ಹಣ ಎಲ್ಲಿ ನಿಲ್ಲುತ್ತದೆ ಎಂದು ನೋಡೋಣ. ಚನ್ನಪಟ್ಟಣ ತಾಲ್ಲೂಕಿನ ಒಬ್ಬ ಬಿ.ಕಾಂ. ಪದವೀಧರೆ ಅರ್ಜಿ ಹಾಕಿದ್ದಾಳೆ ಎಂದಿಟ್ಟುಕೊಳ್ಳಿ. ಅವಳ ಅರ್ಜಿ ನಾಲ್ಕು ಕಡೆ ಸಿಕ್ಕಿಕೊಳ್ಳಬಹುದು.

ಒಂದು, ವಿಶ್ವವಿದ್ಯಾಲಯ. ಅವಳ ಪದವಿಯ ವಿವರವನ್ನು ವಿಶ್ವವಿದ್ಯಾಲಯವು ರಾಷ್ಟ್ರೀಯ ಶೈಕ್ಷಣಿಕ ಭಂಡಾರಕ್ಕೆ, ಅಂದರೆ ಎನ್‌ಎಡಿಗೆ, ಏರಿಸಿರಬೇಕು. ಡಿಜಿಲಾಕರ್‌ನಲ್ಲಿ ಪದವಿ ಪ್ರಮಾಣಪತ್ರ ಕಾಣಿಸದಿದ್ದರೆ ಬ್ಯಾಂಕಿಗೆ ಅಲೆದು ಪ್ರಯೋಜನವಿಲ್ಲ. ಕಾಲೇಜಿನ ಕಚೇರಿ ಮತ್ತು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಲಿಖಿತವಾಗಿ ಕೇಳಬೇಕು.

ಎರಡು, ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇದ್ದರೆ ಗಣಕಯಂತ್ರ ಇಬ್ಬರೆಂದು ತಿಳಿಯುತ್ತದೆ. ಬಯಲುಸೀಮೆಯವರಿಗೆ ಇನಿಷಿಯಲ್ ತೊಂದರೆಯಾದರೆ, ನಮ್ಮ ಕರಾವಳಿಯವರಿಗೆ ಕುಲನಾಮದ ತೊಂದರೆ. ಡಿಸೋಜ, ಡಿಸಿಲ್ವ, ಡಿಕುನ್ಹ ಎಂಬ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಂದು ಕಡೆ ಮೇಲ್ಚಿಹ್ನೆ ಹಾಕಿ, ಇನ್ನೊಂದು ಕಡೆ ಕೂಡಿಸಿ, ಮತ್ತೊಂದು ಕಡೆ ಬಿಡಿಸಿ ಬರೆದಿರುತ್ತಾರೆ. ಅಂಕಪಟ್ಟಿಯಲ್ಲಿರುವಂತೆ ಆಧಾರ್ ಮತ್ತು ಬ್ಯಾಂಕ್ ದಾಖಲೆಗಳನ್ನು ಮೊದಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಮೂರು, ಬ್ಯಾಂಕ್ ಖಾತೆ. ನೇರ ನಗದು ವರ್ಗಾವಣೆಯ ಹಣ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಕಾಲೇಜಿನಲ್ಲಿದ್ದಾಗ ತೆರೆದ ಹಳೆಯ ಖಾತೆಗೆ ಹಣ ಬಿದ್ದಿದ್ದು ಗೊತ್ತಿಲ್ಲದೆ, ಹೊಸ ಪಾಸ್‌ಬುಕ್ ಹಿಡಿದು ಕಾಯುವವರಿದ್ದಾರೆ. ಬ್ಯಾಂಕಿನಲ್ಲಿ 'ಆಧಾರ್ ಲಿಂಕ್ ಆಗಿದೆಯೇ' ಎಂದು ಕೇಳಿದರೆ ಸಾಲದು. 'ಎನ್‌ಪಿಸಿಐ ಮ್ಯಾಪಿಂಗ್ ಯಾವ ಬ್ಯಾಂಕಿನಲ್ಲಿದೆ' ಎಂದು ಕೇಳಬೇಕು. ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿಯನ್ನು ನಾವೇ ನೋಡಬಹುದು. ಹಣ ಬಂದಿದೆಯೇ ಎಂಬುದು 'ಡಿಬಿಟಿ ಕರ್ನಾಟಕ' ಆ್ಯಪ್‌ನಲ್ಲಿ ತಿಳಿಯುತ್ತದೆ.

ನಾಲ್ಕು, ಸ್ವಯಂ ಘೋಷಣೆ. ನನಗೆ ಇನ್ನೂ ಕೆಲಸ ಸಿಕ್ಕಿಲ್ಲ, ಓದನ್ನು ಮುಂದುವರಿಸಿಲ್ಲ ಎಂದು ಅಭ್ಯರ್ಥಿ ಆಗಾಗ ಘೋಷಿಸಬೇಕು. ಆರಂಭದಲ್ಲಿ ಇದು ಪ್ರತಿ ತಿಂಗಳೂ ಇತ್ತು, ನಂತರ ಮೂರು ತಿಂಗಳಿಗೊಮ್ಮೆ ಎಂದಾಯಿತು. ಇದನ್ನು ಮರೆತರೆ ಭತ್ಯೆ ನಿಲ್ಲುತ್ತದೆ. ಮರೆವಿನಷ್ಟೇ ದೊಡ್ಡ ಕಾರಣ ನಾಚಿಕೆ. 'ನಾನು ನಿರುದ್ಯೋಗಿ' ಎಂದು ಮತ್ತೆ ಮತ್ತೆ ಬರೆಯುವುದು ಇಪ್ಪತ್ತೆರಡು ವರ್ಷದ ಹುಡುಗಿಗೆ ಸುಲಭವಲ್ಲ. ತಂದೆತಾಯಿಯರು ಇದನ್ನು ಅರಿತು ಪಕ್ಕದಲ್ಲಿ ಕುಳಿತುಕೊಂಡರೆ ಅದೇ ದೊಡ್ಡ ಸಹಾಯ. ಕೆಲಸ ಸಿಕ್ಕ ಮೇಲೂ ಸುಳ್ಳು ಘೋಷಣೆ ಕೊಡುವುದು ಅಪರಾಧ ಎಂಬುದೂ ನೆನಪಿರಲಿ.

ಈ ನಾಲ್ಕೂ ಸರಿಯಿದ್ದು ಹಣ ಬಂದಿಲ್ಲವಾದರೆ, ಜೊತೆಗೆ ಅರ್ಜಿ ಹಾಕಿದ ಇಬ್ಬರನ್ನು ವಿಚಾರಿಸಿ. ಅವರಿಗೂ ಬಂದಿಲ್ಲವೆಂದಾದರೆ ಸರ್ಕಾರದ ಬಿಡುಗಡೆಯೇ ತಡವಾಗಿರಬಹುದು. ಅವರಿಗೆ ಬಂದು ನಿಮಗೆ ಮಾತ್ರ ಬಂದಿಲ್ಲವಾದರೆ, ಅರ್ಜಿ ಸಂಖ್ಯೆಯೊಂದಿಗೆ ಜಿಲ್ಲಾ ಉದ್ಯೋಗ ವಿನಿಮಯ ಅಥವಾ ಕೌಶಲ್ಯಾಭಿವೃದ್ಧಿ ಕಚೇರಿಗೆ ಹೋಗಿ.

ಜಿಲ್ಲೆಯ ಹೆಸರಿನ ಬಗ್ಗೆಯೂ ಒಂದು ಮಾತು. 2003ರಲ್ಲಿ ಮಾಗಡಿಯಲ್ಲಿ ಹುಟ್ಟಿದ ಮಗುವಿನ ಜನನ ಪತ್ರದಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಎಂದಿರುತ್ತದೆ. 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಾಯಿತು. ಮೂರು ಕಾಗದದಲ್ಲಿ ಮೂರು ಹೆಸರಿದ್ದರೂ ಊರು ಒಂದೇ. ಕಚೇರಿಯಲ್ಲಿ ಪ್ರಶ್ನೆ ಬಂದರೆ ಇದನ್ನು ವಿವರಿಸಿ.

ಎರಡನೆಯ ಬಾಗಿಲು: ಇಎಸ್ಐ

ಬಿಡದಿ ಅಥವಾ ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡವರಿಗೆ ಇದು ಮುಖ್ಯ. ಇಎಸ್ಐ ಎಂದರೆ ಆಸ್ಪತ್ರೆ ಮಾತ್ರ ಎಂದು ಬಹಳ ಮಂದಿ ತಿಳಿದಿದ್ದಾರೆ. 2018ರ ಜುಲೈನಿಂದ ಅದರಲ್ಲಿ 'ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ' ಬಂದಿತು. ಮೊದಲು ಸರಾಸರಿ ದಿನಗೂಲಿಯ ಶೇಕಡಾ 25ರಷ್ಟಿದ್ದ ನೆರವನ್ನು ಕೋವಿಡ್ ಕಾಲದಲ್ಲಿ, 2020ರಲ್ಲಿ, ಶೇಕಡಾ 50ಕ್ಕೆ ಏರಿಸಲಾಯಿತು. ಜೀವಮಾನದಲ್ಲಿ ಒಟ್ಟು 90 ದಿನಗಳವರೆಗೆ ಮಾತ್ರ ಇದು ದೊರೆಯುತ್ತದೆ. ಸರಾಸರಿ ದಿನಗೂಲಿ 600 ರೂಪಾಯಿ ಇದ್ದವರಿಗೆ ದಿನಕ್ಕೆ 300ರಂತೆ ಒಟ್ಟು 27,000 ರೂಪಾಯಿ ಆಗುತ್ತದೆ.

ಕನಿಷ್ಠ ಎರಡು ವರ್ಷ ವಿಮೆಯಲ್ಲಿರಬೇಕು. ವಂತಿಗೆಯ ಅವಧಿಯಲ್ಲಿ ಕನಿಷ್ಠ 78 ದಿನ ದುಡಿದ ಲೆಕ್ಕವಿರಬೇಕು. ಕೆಲಸ ಹೋಗಿ 30 ದಿನಗಳ ಬಳಿಕ ಕೇಳಬಹುದು. ದುರ್ನಡತೆಗಾಗಿ ವಜಾ ಆದವರಿಗೆ, ನಿವೃತ್ತರಾದವರಿಗೆ ಇದಿಲ್ಲ. ಮಾಲೀಕರ ಕೈಕಾಲು ಹಿಡಿಯಬೇಕಾಗಿಲ್ಲ, ಕಾರ್ಮಿಕರೇ ನೇರವಾಗಿ ಆನ್‌ಲೈನ್‌ನಲ್ಲಿ ಹಾಗೂ ಇಎಸ್ಐ ಶಾಖಾ ಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಯೋಜನೆಯ ಅವಧಿಯನ್ನು ಕಾಲಕಾಲಕ್ಕೆ ವಿಸ್ತರಿಸುತ್ತಾ ಬಂದಿರುವುದರಿಂದ, ಅದು ಚಾಲ್ತಿಯಲ್ಲಿದೆಯೇ ಎಂದು ಶಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ.

ಇಲ್ಲಿ ತಡವಾಗುವುದು ಹೆಚ್ಚಾಗಿ ಕೆಲಸ ಬಿಟ್ಟ ದಿನಾಂಕದ ದಾಖಲೆಯಿಂದ. ಕೆಲಸದಿಂದ ತೆಗೆದಾಗ ಬಾಯಿಮಾತಿಗೆ ಒಪ್ಪಿ ಬರಬೇಡಿ. ದಿನಾಂಕವಿರುವ ಪತ್ರ ಕೇಳಿ ಪಡೆಯಿರಿ. ಭವಿಷ್ಯನಿಧಿಯ ಹಣಕ್ಕೂ ಇದೇ ದಿನಾಂಕ ಬೇಕು. ಮಾಲೀಕರು ಅದನ್ನು ನಮೂದಿಸದಿದ್ದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳ ನಂತರ ಸದಸ್ಯರೇ ಆನ್‌ಲೈನ್‌ನಲ್ಲಿ ನಮೂದಿಸುವ ಅವಕಾಶ 2020ರಿಂದ ಇದೆ.

ಮೂರನೆಯ ಬಾಗಿಲು: ಗ್ರಾಮ ಪಂಚಾಯಿತಿ

ಉದ್ಯೋಗ ಖಾತರಿಯ 2005ರ ಕಾಯ್ದೆಯಲ್ಲಿಯೇ ನಿರುದ್ಯೋಗ ಭತ್ಯೆ ಇತ್ತು ಎಂಬುದು ಎಷ್ಟೋ ಕೂಲಿಕಾರರಿಗೆ ಗೊತ್ತೇ ಇಲ್ಲ. ಕೆಲಸ ಕೇಳಿ 15 ದಿನಗಳೊಳಗೆ ಕೊಡದಿದ್ದರೆ ಮೊದಲ 30 ದಿನ ಕೂಲಿಯ ಕನಿಷ್ಠ ಕಾಲು ಭಾಗ, ಆಮೇಲೆ ಕನಿಷ್ಠ ಅರ್ಧ ಭಾಗ ಕೊಡಬೇಕೆಂದು ಅದು ಹೇಳಿತು. 2025-26ರಲ್ಲಿ ಕರ್ನಾಟಕದ ಕೂಲಿ ದಿನಕ್ಕೆ 370 ರೂಪಾಯಿ. ಕಾಲು ಭಾಗವೆಂದರೆ 92 ರೂಪಾಯಿ 50 ಪೈಸೆ, ಅರ್ಧವೆಂದರೆ 185 ರೂಪಾಯಿ.

ಕನಕಪುರ ಅಥವಾ ಮಾಗಡಿಯ ಹಳ್ಳಿಯ ಕೂಲಿಕಾರರಿಗೆ ಈ ಹಣ ಕೈಗೆ ಬರದಿರಲು ಒಂದು ಸಾಮಾನ್ಯ ಕಾರಣವುಂಟು. ಅವರು ಕೆಲಸವನ್ನು ಬಾಯಲ್ಲಿ ಕೇಳುತ್ತಾರೆ. ನಮೂನೆ 6ರಲ್ಲಿ ಅರ್ಜಿ ಕೊಟ್ಟು ದಿನಾಂಕವಿರುವ ರಸೀದಿ ಪಡೆಯದಿದ್ದರೆ 15 ದಿನದ ಲೆಕ್ಕವೇ ಆರಂಭವಾಗುವುದಿಲ್ಲ. ದುಡಿದ ಕೂಲಿ ತಡವಾದರೂ ಪರಿಹಾರವಿತ್ತು, ಬಾಕಿಯ ಮೇಲೆ ದಿನಕ್ಕೆ ಶೇಕಡಾ 0.05. ಆರು ದಿನದ ಕೂಲಿ 2,220 ರೂಪಾಯಿ ಇಪ್ಪತ್ತು ದಿನ ತಡವಾದರೆ ಸಿಗುವುದು 22 ರೂಪಾಯಿ ಚಿಲ್ಲರೆ. ಮೊತ್ತ ಚಿಕ್ಕದು. ಆದರೂ ತಡಮಾಡಿದ್ದು ತಪ್ಪು ಎಂದು ಸರ್ಕಾರವೇ ಬರಹದಲ್ಲಿ ಒಪ್ಪಿದಂತೆ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಇದರ ಜಾಗಕ್ಕೆ 125 ದಿನಗಳ ಕೆಲಸದ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಕೆಲಸ ಕೊಡದಿದ್ದರೆ ಭತ್ಯೆ ಎಂಬ ತತ್ವ ಅದರಲ್ಲಿಯೂ ಉಂಟು. ನಿಮ್ಮ ಪಂಚಾಯಿತಿಯಲ್ಲಿ ಈಗ ಯಾವ ನಮೂನೆ ಎಂದು ಪಿಡಿಒ ಅವರನ್ನು ಕೇಳಿ, ರಸೀದಿಯನ್ನು ಮಾತ್ರ ಬಿಡಬೇಡಿ.

ಬಾಗಿಲೇ ಇಲ್ಲದವರು

ರಾಮನಗರದ ರೇಷ್ಮೆಗೂಡು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿದೆ. ಅಲ್ಲಿನ ಗೂಡನ್ನು ನಂಬಿ ನೂಲು ಬಿಚ್ಚುವ ಮನೆಗಳಲ್ಲಿ ಬಿಸಿನೀರಿಗೆ ಕೈಯಿಟ್ಟು ದುಡಿಯುವ ಹೆಂಗಸರಿಗೆ, ಚನ್ನಪಟ್ಟಣದಲ್ಲಿ ಮರದ ಗೊಂಬೆಗೆ ಅರಗಿನ ಬಣ್ಣ ಕೊಡುವ ಕೈಗಳಿಗೆ, ಕೆಲಸ ನಿಂತ ದಿನ ಮೇಲಿನ ಮೂರರಲ್ಲಿ ಹೆಚ್ಚಿನವು ಅನ್ವಯಿಸುವುದಿಲ್ಲ. ಪಟ್ಟಣದಲ್ಲಿ ಇರುವುದರಿಂದ ಪಂಚಾಯಿತಿಯ ಕೆಲಸವೂ ಇಲ್ಲ. ಕೆಲಸವಿಲ್ಲದ ವಾರಗಳನ್ನು ಅವರು ಕೈಸಾಲದಲ್ಲಿ ಅಥವಾ ಮೈಕ್ರೋಫೈನಾನ್ಸ್ ಸಾಲದಲ್ಲಿ ದಾಟುತ್ತಾರೆ. ವಸೂಲಿಯ ಕಿರುಕುಳ ಎಷ್ಟು ಬೆಳೆಯಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ನಮ್ಮ ಕರಾವಳಿಯ ಬೀಡಿ ಕಟ್ಟುವ ತಾಯಂದಿರನ್ನು ಬಲ್ಲವರಿಗೆ ಈ ಕಷ್ಟ ಹೊಸದಲ್ಲ. ಇವರಿಗೂ ಒಂದು ಬಾಗಿಲು ಬೇಕೆಂದು ಕೇಳುವುದು ಕ್ರೈಸ್ತರಾದ ನಮ್ಮ ಜವಾಬ್ದಾರಿ.

ತಡವಾದಾಗ ಮಾಡಬೇಕಾದ್ದು

ಒಂದು ನೋಟ್‌ಬುಕ್ ಇಡಿ. ಅರ್ಜಿ ಸಂಖ್ಯೆ, ಕಚೇರಿಗೆ ಹೋದ ದಿನ, ಭೇಟಿಯಾದ ಅಧಿಕಾರಿಯ ಹುದ್ದೆ, ಅವರು ಹೇಳಿದ ಮಾತು ಎಲ್ಲವನ್ನೂ ಬರೆಯಿರಿ. ಮನವಿಯನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ರಾಜ್ಯದ ಯೋಜನೆಗಳ ಬಗ್ಗೆ ಜನಸ್ಪಂದನದ 1902 ಸಂಖ್ಯೆಗೆ ದೂರು ಹೇಳಬಹುದು. ಅದಕ್ಕೂ ಉತ್ತರವಿಲ್ಲದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ನನ್ನ ಅರ್ಜಿ ಯಾವ ಹಂತದಲ್ಲಿದೆ, ಯಾವ ಕಾರಣಕ್ಕೆ ನಿಂತಿದೆ ಎಂದು ಕೇಳಿ. 30 ದಿನಗಳೊಳಗೆ ಉತ್ತರಿಸಬೇಕೆಂದು ಕಾನೂನಿದೆ.

ಈ ಎಲ್ಲ ಬಾಗಿಲುಗಳಲ್ಲೂ ಒಂದೇ ಕೀಲಿ ಇರುವುದನ್ನು ಗಮನಿಸಿರಬಹುದು. ಅದು ದಿನಾಂಕವಿರುವ ಕಾಗದ. ಫಲಿತಾಂಶದ ದಿನ, ಘೋಷಣೆಯ ದಿನ, ಕೆಲಸ ಹೋದ ದಿನ, ಕೆಲಸ ಕೇಳಿದ ದಿನ. ಬಡವರ ಬಾಯಿಮಾತನ್ನು ಕಚೇರಿ ಮರೆಯಬಹುದು, ಮೊಹರು ಬಿದ್ದ ಕಾಗದವನ್ನು ಅಷ್ಟು ಸುಲಭವಾಗಿ ಮರೆಯಲಾಗದು.

ಧರ್ಮಕೇಂದ್ರಗಳಿಗೆ ಒಂದು ಸಣ್ಣ ವಿನಂತಿ. ತಿಂಗಳಿಗೊಂದು ಭಾನುವಾರ ಪೂಜೆಯ ಬಳಿಕ ಐಸಿವೈಎಂನ ಇಬ್ಬರು ಯುವಜನರು ಒಂದು ಮೇಜು ಹಾಕಿ ಕುಳಿತುಕೊಳ್ಳಲಿ. ಹೆಸರು ತಾಳೆ ನೋಡುವುದು, ಬ್ಯಾಂಕ್ ಜೋಡಣೆ ಪರೀಕ್ಷಿಸುವುದು, ಘೋಷಣೆಯ ದಿನ ನೆನಪಿಸುವುದು ಇಷ್ಟು ಸಾಕು. ಜಾತಿ ಮತ ಕೇಳದೆ ಊರಿನ ಯಾರೇ ಬಂದರೂ ನೆರವಾಗಲಿ. ಕೊಯ್ಲಿನವರ ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟಿದೆ ಎಂದು ಸಂತ ಯಕೋಬರು ಎಚ್ಚರಿಸಿದ್ದಾರೆ. ಆ ಕೂಗು ಮೊದಲು ನಮ್ಮ ಕಿವಿಗೆ ಮುಟ್ಟಲಿ. ಕಾರ್ಮಿಕರ ಪಾಲಕರಾದ ಸಂತ ಜೋಸೆಫರು ಕೆಲಸಕ್ಕಾಗಿ ಕಾಯುತ್ತಿರುವ ಎಲ್ಲರಿಗಾಗಿ ಪ್ರಾರ್ಥಿಸಲಿ.