ಡೊಂಬಿವಲಿಯ ಹೆಸರು ಹೊತ್ತ ಸಂಖ್ಯೆ

ಒಂಬತ್ತು ಒಂದುಗಳನ್ನು ಸಾಲಾಗಿ ಬರೆಯಿರಿ: 111111111. ಅದನ್ನು ಅದರಿಂದಲೇ ಗುಣಿಸಿ. ಉತ್ತರ ನೋಡಿ: 12345678987654321! ಒಂದರಿಂದ ಒಂಬತ್ತಕ್ಕೆ ಏರಿ, ಒಂದೊಂದೇ ಅಂಕಿ ಇಳಿಯುತ್ತ ಮತ್ತೆ ಒಂದಕ್ಕೆ ಬಂದು ನಿಲ್ಲುವ 17 ಅಂಕಿಗಳು. ಇಂಥ ಸಂಖ್ಯೆಗಳಿಗೆ ಹೆಸರು ಬಂದದ್ದು ಎಲ್ಲಿಂದ ಗೊತ್ತೇ? ಮುಂಬಯಿಯ ಲೋಕಲ್ ನಿಲ್ಲುವ ಡೊಂಬಿವಲಿಯಿಂದ!

1905ರಲ್ಲಿ ಡಹಾಣುವಿನಲ್ಲಿ ಹುಟ್ಟಿ, ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ಜಗತ್ತು ಅವರನ್ನು ನೆನೆಯುವುದು 6174 ಎಂಬ ಸಂಖ್ಯೆಯಿಂದ. ನನ್ನನ್ನು ಮರುಳು ಮಾಡಿದ್ದು ಮಾತ್ರ ಅವರ ‘ಡೆಮ್ಲೊ ಸಂಖ್ಯೆ’ಗಳು. ಜಿ.ಐ.ಪಿ. ರೈಲ್ವೆಯ ಕಾಲದಲ್ಲಿ ಡೊಂಬಿವಲಿಗೆ ಡೆಮ್ಲೊ ಎಂಬ ಹೆಸರಿತ್ತು. ಈ ಸಂಖ್ಯೆಗಳ ಯೋಚನೆ ಅವರಿಗೆ ಹೊಳೆದದ್ದು ಅಲ್ಲಿಯೇ. 1939ರಲ್ಲಿ ಗುಂಜೀಕರ್ ಎಂಬವರ ಜೊತೆಗೂಡಿ ಮುಂಬಯಿ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಅವರು ಇದರ ಸಿದ್ಧಾಂತವನ್ನೇ ಬರೆದರು.

ಗುಟ್ಟು ಏನೆಂದರೆ, ಎಡ ಬಲದ ತುಂಡುಗಳನ್ನು ಕೂಡಿದರೆ ನಡುವಿನ ಅಂಕಿಯೇ ಎದ್ದು ಬರಬೇಕು. 165ರಲ್ಲಿ 1ಕ್ಕೆ 5 ಕೂಡಿದರೆ 6. ಸರಿ, ಇದು ಪುಟ್ಟದು. ನಮ್ಮ ದೊಡ್ಡ ಸಂಖ್ಯೆಯ ನಡುವೆ ಇರುವುದು 9. ಎಡಕ್ಕೆ 12345678, ಬಲಕ್ಕೆ 87654321. ಕೂಡಿ ನೋಡಿ: 99999999! ಒಂದೂ ದಶಕ ಹೋಗುವುದಿಲ್ಲ, ಒಂದು ಅಂಕಿಯೂ ತಪ್ಪುವುದಿಲ್ಲ. ಆ ದೊಡ್ಡ ಸಂಖ್ಯೆಯ ಎಲ್ಲ ಅಂಕಿಗಳ ಮೊತ್ತ 81, ಅಂದರೆ ಒಂಬತ್ತರ ವರ್ಗ.

ಹೀಗೇಕೆ? ಗುಣಾಕಾರವನ್ನು ಕೈಯಾರೆ ಮಾಡಿದವರಿಗೆ ಕಣ್ಣಿಗೇ ಕಾಣುತ್ತದೆ. ಒಂದುಗಳ ಒಂಬತ್ತು ಸಾಲು, ಪ್ರತಿಯೊಂದೂ ಒಂದೊಂದು ಮನೆ ಎಡಕ್ಕೆ. ಬಲತುದಿಯ ಕಂಬಸಾಲಿನಲ್ಲಿ ಒಂದೇ ಒಂದು, ಪಕ್ಕದಲ್ಲಿ ಎರಡು, ಆಮೇಲೆ ಮೂರು. ನಟ್ಟನಡುವೆ ಒಂಬತ್ತೂ ಸೇರುತ್ತವೆ, ಮುಂದೆ ಮತ್ತೆ ಕರಗುತ್ತವೆ. ಹತ್ತನೆಯ ಒಂದನ್ನು ಸೇರಿಸಿದಿರೋ, ನಡುವೆ ಹತ್ತು ಬಿದ್ದು ದಶಕ ಎಡಕ್ಕೆ ಜಾರುತ್ತದೆ: 1234567900987654321. ಸಮಮಿತಿ ಹೋಯಿತು! ಒಂಬತ್ತೇ ಇದರ ಶಿಖರ.

ಮೈ ಜುಮ್ಮೆನ್ನುವುದು ಇನ್ನು ಮುಂದೆ. ಒಂಬತ್ತನೆಯ ಶತಮಾನದಲ್ಲಿ, ನಮ್ಮ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಇದೇ ವಂಶದ 12345654321ನ್ನು ಹೇಳಿಬಿಟ್ಟಿದ್ದಾನೆ: ಒಂದರಿಂದ ಆರರವರೆಗೆ ಏರಿ, ಕ್ರಮವಾಗಿ ಇಳಿಯುವುದು ಎಂದು! 27994681ನ್ನು 441ರಿಂದ ಗುಣಿಸಿದರೆ ಅದು ಬರುತ್ತದೆ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು ಬರುತ್ತವೆ ಎಂಬುದೂ ಆ ಗ್ರಂಥದಲ್ಲಿದೆ. ಹೀಗೆ ಹಿಂದಿನಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳು ಅವನ ಕಣ್ಣಿಗೆ ಕೊರಳ ಹಾರಗಳು.

ಮಕ್ಕಳಿದ್ದ ಮನೆಯವರೇ, ದಯವಿಟ್ಟು ಕ್ಯಾಲ್ಕ್ಯುಲೇಟರ್ ಬದಿಗಿಡಿ. ಚೌಕುಳಿ ಹಾಳೆಯೊಂದನ್ನು ಅವರ ಮುಂದಿಟ್ಟು, ಆ ಒಂಬತ್ತು ಸಾಲುಗಳನ್ನು ಅವರ ಕೈಯಿಂದಲೇ ಬರೆಸಿ.