ಬಂಡೀಪುರ ಪ್ರವಾಸಕ್ಕೆ ಸಿದ್ಧತೆ: ಹಗಲು ನಮ್ಮದು, ಇರುಳು ಕಾಡಿನದು

ಸೂಳಗಿರಿ ಭಾಗದ ಮಕ್ಕಳಿಗೆ ಆನೆಯು ಕೇವಲ ಪಠ್ಯಪುಸ್ತಕದ ಪ್ರಾಣಿಯಲ್ಲ. ರಾಗಿ ತೆನೆಗಟ್ಟುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ತಳಿ, ಜವಳಗಿರಿ ಕಾಡುಗಳ ಮೂಲಕ ಹೊರಡುವ ಹಿಂಡುಗಳು ಸಾನಮಾವು ಅರಣ್ಯದವರೆಗೂ ಬರುತ್ತವೆ. ಹೊಲ ಕಾಯುವ ರೈತರು ನಿದ್ದೆಗೆಡುತ್ತಾರೆ. ಆನೆಯನ್ನು ಅದರ ಮನೆಯಲ್ಲೇ ಕಾಣಬೇಕೆಂಬ ಆಸೆಯಿಂದ ರಜೆಯಲ್ಲಿ ಬಂಡೀಪುರಕ್ಕೆ ಹೊರಡುವ ಕುಟುಂಬಗಳು ಒಂದು ಮಾತನ್ನು ಮೊದಲೇ ಅರಿತಿರುವುದು ಒಳಿತು: ಅಲ್ಲಿ ಅತಿಥಿಗಳು ನಾವು.

ಹಾಸಿಗೆ, ಅಡುಗೆಮನೆಗಳನ್ನು ಒಳಗೊಂಡ ಕ್ಯಾರವಾನ್ ವಾಹನಗಳಲ್ಲಿ ಪ್ರವಾಸ ಹೋಗುವ ರೂಢಿ ನಮ್ಮಲ್ಲಿಯೂ ಈಗ ಕಾಲಿಡುತ್ತಿದೆ. ನೆರೆಯ ಕೇರಳವು 2021ರಲ್ಲಿ ಇದಕ್ಕಾಗಿಯೇ ಒಂದು ಯೋಜನೆಯನ್ನು ಆರಂಭಿಸಿತು. 1872ರಲ್ಲಿ ಸ್ಥಾಪನೆಯಾದ ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಇಂತಹ ವಾಹನಗಳು ತಂಗಲು ಕಾಡಿನೊಳಗೇ ಜಾಗಗಳಿವೆ. ಬಂಡೀಪುರದ ನಿಯಮ ಬೇರೆ. ಅಲ್ಲಿ ಪ್ರವಾಸಿಗರು ಕಾಡಿನೊಳಗೆ ವಾಹನ ನಿಲ್ಲಿಸಿ, ಒಲೆ ಹೂಡಿ ಇರುಳು ಕಳೆಯುವಂತಿಲ್ಲ. ಕ್ಯಾರವಾನ್ ಆಗಲಿ, ನಾಲ್ಕೈದು ಮನೆಯವರು ಸೇರಿ ಬಾಡಿಗೆಗೆ ಪಡೆದ ವ್ಯಾನ್ ಆಗಲಿ, ರಾತ್ರಿಯ ತಂಗುದಾಣವನ್ನು ಮೈಸೂರಿನಲ್ಲೋ ಗುಂಡ್ಲುಪೇಟೆಯಲ್ಲೋ ಮುಂಚಿತವಾಗಿ ಗೊತ್ತುಪಡಿಸಿಕೊಳ್ಳಬೇಕು. ವಾಹನದಲ್ಲೇ ಮಲಗುವುದಾದರೆ ವಸತಿಗೃಹದ ಆವರಣದಲ್ಲಿ ನಿಲ್ಲಿಸಲು ಅನುಮತಿ ಪಡೆಯಬೇಕು.

ಹೊಸೂರು ದಾಟಿ, ಎಲೆಕ್ಟ್ರಾನಿಕ್ ಸಿಟಿಯ ಬಳಿ ನೈಸ್ ರಸ್ತೆ ಹಿಡಿದರೆ ಬೆಂಗಳೂರಿನ ದಟ್ಟಣೆಯನ್ನು ತಪ್ಪಿಸಿ ಮೈಸೂರು ಹೆದ್ದಾರಿಯನ್ನು ಸೇರಬಹುದು. ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆಗಳ ಮಾರ್ಗವಾಗಿ ಬಂಡೀಪುರಕ್ಕೆ ಸುಮಾರು 80 ಕಿ.ಮೀ. ಚಿಕ್ಕ ಮಕ್ಕಳಿರುವ ಮನೆಯವರು ಮೊದಲ ದಿನ ಮೈಸೂರಿನಲ್ಲೇ ಉಳಿಯುವುದು ಲೇಸು. 1892ರಲ್ಲಿ ಆರಂಭವಾದ ಅಲ್ಲಿನ ಮೃಗಾಲಯಕ್ಕೆ ಮಂಗಳವಾರ ರಜೆ ಎಂಬುದು ನೆನಪಿರಲಿ.

ಪ್ರವಾಸದ ಲೆಕ್ಕಾಚಾರದಲ್ಲಿ ದೂರಕ್ಕಿಂತ ಗಡಿಯಾರವೇ ಮುಖ್ಯ. ಬಂಡೀಪುರದ ಮೂಲಕ ಊಟಿ ಹಾಗೂ ಕೇರಳದ ಕಡೆಗೆ ಸಾಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷಿದ್ಧ. 2009ರಲ್ಲಿ ಜಾರಿಗೆ ಬಂದ ಈ ನಿರ್ಬಂಧವನ್ನು ಮರುವರ್ಷ ಕರ್ನಾಟಕ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಇರುಳಿನಲ್ಲಿ ವಾಹನಗಳಿಗೆ ಸಿಲುಕಿ ಪ್ರಾಣಿಗಳು ಸಾಯುತ್ತಿದ್ದುದೇ ಇದಕ್ಕೆ ಕಾರಣ. ಒಂಬತ್ತರ ನಂತರ ಬಂದವರು ಬೆಳಗಾಗುವವರೆಗೆ ತಪಾಸಣಾ ಠಾಣೆಯ ಈಚೆಗೇ ಕಾಯಬೇಕಾದೀತು.

ಸಫಾರಿಗೆ ಸ್ವಂತ ವಾಹನವನ್ನು ಒಯ್ಯುವಂತಿಲ್ಲ. ಅದಕ್ಕೆಂದೇ ನಿಗದಿಯಾದ ಬಸ್ಸು, ಜೀಪುಗಳಲ್ಲಿ ಮುಂಜಾನೆ ಅಥವಾ ಸಂಜೆ ಹೋಗಬೇಕು. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗಳ ಬಳಿಕ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನೇ ಸ್ಥಗಿತಗೊಳಿಸಲಾಗಿತ್ತು. ಆದುದರಿಂದ ಹೊರಡುವ ಮುನ್ನ ಅರಣ್ಯ ಇಲಾಖೆಯಿಂದ ಖಚಿತಪಡಿಸಿಕೊಳ್ಳುವುದು ಅಗತ್ಯ. ಸಫಾರಿ ದೊರೆಯದಿದ್ದರೂ ಹಿಮವದ್ ಗೋಪಾಲಸ್ವಾಮಿ ಬೆಟ್ಟವಿದೆ. ಅಲ್ಲಿಯೂ ಸ್ವಂತ ವಾಹನವನ್ನು ಬೆಟ್ಟದ ಬುಡದಲ್ಲಿ ಬಿಟ್ಟು ಸರ್ಕಾರಿ ಬಸ್ಸಿನಲ್ಲೇ ಏರಬೇಕು.

ಕಾಲದ ಆಯ್ಕೆಯೂ ಯೋಚಿಸತಕ್ಕದ್ದೇ. ಬೇಸಿಗೆ ರಜೆಯಲ್ಲಿ ನೀರಿನ ಹೊಂಡಗಳ ಬಳಿ ಪ್ರಾಣಿಗಳು ಕಾಣಸಿಗುವ ಸಂಭವ ಹೆಚ್ಚು. ಆದರೆ ಅದು ಕಾಡು ಒಣಗಿ ನಿಂತ ಕಾಲ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಬೆಂಕಿಗೆ ಆಹುತಿಯಾಯಿತು. ರಸ್ತೆಬದಿಯಲ್ಲಿ ಒಲೆ ಹೂಡುವುದು, ಬೀಡಿ ಎಸೆಯುವುದು ಸಣ್ಣ ತಪ್ಪುಗಳಲ್ಲ. ಕಾಲಾಂಶ ಪರೀಕ್ಷೆಯ ಬಳಿಕ ಬರುವ ರಜೆಯಲ್ಲಿ ಹೋದರೆ ಮಳೆಯುಂಡ ಹಸುರು ಕಾಣುತ್ತದೆ. ಹುಲ್ಲು ಎತ್ತರ ಬೆಳೆದಿರುವುದರಿಂದ ಪ್ರಾಣಿಗಳು ಮರೆಯಾಗುವುದೂ ಉಂಟು.

ಊಟವನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗಿ, ಕಾಡಿನ ಗಡಿಗೆ ಮೊದಲೇ ಮುಗಿಸಿ, ಖಾಲಿ ಪೊಟ್ಟಣಗಳನ್ನು ಮರಳಿ ತರಬೇಕು. ಕಾಡುದಾರಿಯಲ್ಲಿ ಇಳಿಯುವುದು, ಕೋತಿ ಜಿಂಕೆಗಳಿಗೆ ತಿಂಡಿ ಕೊಡುವುದು ಸಲ್ಲದು. ಮನುಷ್ಯರ ಆಹಾರದ ರುಚಿ ಹತ್ತಿದ ಪ್ರಾಣಿ ರಸ್ತೆಗೆ, ಊರಿಗೆ ಇಳಿಯುತ್ತದೆ. ಅದರ ಬೆಲೆ ಏನೆಂಬುದನ್ನು ಸೂಳಗಿರಿಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1973ರಲ್ಲಿ ಹುಲಿ ಯೋಜನೆಗೆ ಆರಿಸಲಾದ ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದು. ಅಲ್ಲಿ ಹುಲಿ ಕಾಣಲಿಲ್ಲವೆಂದು ಮಕ್ಕಳು ನಿರಾಶರಾಗಬಹುದು. ಆದರೆ ಪ್ರಾಣಿಗಳಿಗಾಗಿ ಹೆದ್ದಾರಿಯೊಂದು ಪ್ರತಿರಾತ್ರಿ ಒಂಬತ್ತು ಗಂಟೆ ಸುಮ್ಮನಾಗುತ್ತದೆ ಎಂಬುದನ್ನು ಅವರು ಅರಿತು ಬಂದರೆ, ಸಾನಮಾವಿನ ರಸ್ತೆ ದಾಟುವ ಹಿಂಡನ್ನು ಬೇರೆಯ ಕಣ್ಣಿನಿಂದ ನೋಡುವರು.